ಎರಡನೇ ಸೀಸನ್ನಿಗೆ ಬಾರದ ಅಕ್ಕ

ಆ ಕಾರ್ಟೂನ್ ಸರಣಿಯ ಎರಡನೇ ಸೀಸನ್ ಬರುತ್ತದೆಂದು ಫೋನಿನಲ್ಲಿ ಓದಿದ ದಿನ ನನಗೆ ಸಂತೋಷವಾಗಲಿಲ್ಲ. ಆಲೂರಿನಿಂದ ಆದೋನಿಗೆ ಬರುವ ಬಸ್ಸಿನಲ್ಲಿ ನಿಂತಿದ್ದೆ. ಹೆಗಲಿಗೆ ಉತ್ತರ ಪತ್ರಿಕೆಗಳ ಚೀಲ, ಕಾಲ ಬುಡದಲ್ಲಿ ಯಾರದೋ ಮೆಣಸಿನಕಾಯಿ ಮೂಟೆ. ನಾಲ್ಕು ವರ್ಷ ತೆಪ್ಪಗಿದ್ದವರು ಇನ್ನೂ ತೆಪ್ಪಗಿರಬಾರದಿತ್ತೇ ಎಂದು ಆ ಚಿತ್ರ ಬರೆಯುವವರ ಮೇಲೆ ಸಿಟ್ಟು ಬಂತು. ಅವರು ಯಾವುದೋ ಚಳಿ ದೇಶದವರು. ನನ್ನ ಸಿಟ್ಟು ಅವರಿಗೆ ಮುಟ್ಟುವ ದಾರಿ ಇರಲಿಲ್ಲ. ಮನೆಯಲ್ಲಿ ಅತ್ತೆಗೆ ಹೇಳುವುದೋ ಬೇಡವೋ ಎಂದು ಆದೋನಿ ಬರುವವರೆಗೂ ಯೋಚಿಸಿದೆ.

ಯಾಕೆ ಹೆದರಿದೆ ಎಂದು ತಿಳಿಯಬೇಕಾದರೆ ಮೊದಲ ಸೀಸನ್ನಿನ ಕಥೆ ಹೇಳಬೇಕು. ನಾಲ್ಕು ವರ್ಷದ ಹಿಂದಿನ ಬೇಸಿಗೆ ರಜೆ ಅದು. ನನ್ನ ನಾದಿನಿ, ಅಂದರೆ ಅತ್ತೆಯ ಒಬ್ಬಳೇ ಮಗಳು, ಬಳ್ಳಾರಿಯ ಗಂಡನ ಮನೆಯಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡು ಎರಡು ತಿಂಗಳಾಗಿತ್ತು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದರೆ ಏಳುತ್ತಿರಲಿಲ್ಲ. ಗಂಡ ಹತ್ತಿ ಮಾರ್ಕೆಟ್ಟಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಷ್ಟು ಬಿಸಿಲಿನಲ್ಲಿ, ಕೂಲರ್ ಗುಡುಗುಡು ಅನ್ನುವ ಆ ಕೋಣೆಯಲ್ಲಿ, ನನಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಒಂದು ಮಧ್ಯಾಹ್ನ ಸುಮ್ಮನೆ ಟಿವಿ ಹಚ್ಚಿ ಕೈಗೆ ಸಿಕ್ಕ ಕಾರ್ಟೂನ್ ಹಾಕಿದೆ. ಬೆಟ್ಟದ ಮೇಲೆ ಒಂದು ಮನೆ, ಮೂವರು ಮಕ್ಕಳು, ಒಂದು ಹಿಂಡು ಕುರಿ. ಕುರಿ ಕೂಗಿದ ಸದ್ದಿಗೆ ಅತ್ತೆ ಈಚೆ ಹೊರಳಿದರು.

ಅತ್ತೆ ಹಾಲಹರವಿ ಕಡೆಯ ಕುರಿಗಾರರ ಮನೆಯ ಮಗಳು. ಮದುವೆಯಾಗಿ ಆದೋನಿಗೆ ಬಂದು ನಲವತ್ತು ವರ್ಷದ ಮೇಲಾದರೂ, ದಾರಿಯಲ್ಲಿ ಹಿಂಡು ಕಂಡರೆ ಇಂದಿಗೂ ನಿಂತು ಕಣ್ಣಲ್ಲೇ ಎಣಿಸುತ್ತಾರೆ. ಅವತ್ತು ಎದ್ದು ಕೂತು, ಸೆರಗು ಸರಿಮಾಡಿಕೊಂಡು ನೋಡಿದರು. ತಾಯಿ ಸತ್ತ ಮರಿಯೊಂದನ್ನು ಆ ಮಕ್ಕಳು ಬೇರೆ ಕುರಿಯ ಹತ್ತಿರ ಬಿಡುತ್ತಿದ್ದರು. ಕುರಿ ಮರಿಯ ಬಾಲದ ಬುಡ ಮೂಸಿ, ತಲೆಯಿಂದ ಗುದ್ದಿ ಆಚೆ ತಳ್ಳಿತು.

"ಅಲಲಾ! ನೋಡವಾ, ಮೂಸಿ ನೋಡಿ ಒಲ್ಲೆ ಅಂತೈತಿ. ಇದನ್ನ ಬರ್ದಾಂವ ಕುರಿ ಕಾದಾನ," ಅಂದರು. ಎರಡು ತಿಂಗಳಲ್ಲಿ ಅವರು ಒಂದೇ ಉಸಿರಿಗೆ ಆಡಿದ ಅಷ್ಟು ಮಾತು ಅದೇ ಮೊದಲು. "ಆ ಕುರಿ ಹಾಲು ಕರ್ದು ಮರಿ ಬೆನ್ನಿಗೆ, ಬಾಲಕ್ಕೆ ಸವರಬೇಕು. ತನ್ನ ವಾಸನಿ ಬಂದ್ರ ಸುಮ್ನಾಗತೈತಿ. ನಮ್ಮಪ್ಪ ಹಂಗ ಮಾಡ್ತಿದ್ದ."

ತೆರೆಯ ಮೇಲಿನ ಹುಡುಗಿ ಆಮೇಲೆ ಅದನ್ನೇ ಮಾಡಿದಳು. ಅತ್ತೆ ತೊಡೆ ತಟ್ಟಿಕೊಂಡರು.

ಅಲ್ಲಿಂದ ದಿನಾ ಊಟವಾದ ಮೇಲೆ ಒಂದು ಕಂತು. ಮಾತೆಲ್ಲ ಪರಭಾಷೆ, ಕೆಳಗೆ ಇಂಗ್ಲಿಷ್ ಅಕ್ಷರ. ನಾನು ಆಲೂರಿನ ಹತ್ತಿರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಓದಿ ಓದಿ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಂಧ್ರಕ್ಕೆ ಸೇರಿದ ಈ ಗಡಿ ಊರಿನಲ್ಲಿ ಇದೇನು ಹೊಸದಲ್ಲ. ಆಫೀಸಿನ ತೆಲುಗು ಕಾಗದವನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ, ಇವರ ಕನ್ನಡವನ್ನು ಸಂತೆಯಲ್ಲಿ ತೆಲುಗಿನಲ್ಲಿ ಹೇಳುತ್ತಲೇ ನಾವೆಲ್ಲ ಬೆಳೆದವರು. ಹಾಗೆ ಹೇಳುವಾಗ ಒಂದು ಮಾತು ಅತ್ತ, ಒಂದು ಮಾತು ಇತ್ತ ಆಗುವುದೂ ರೂಢಿಯೇ. ಗುಮಾಸ್ತ ಗದರಿದ್ದನ್ನು ಅಪ್ಪನಿಗೆ ಗದರಿದ ಹಾಗೆಯೇ ಯಾವ ಮಕ್ಕಳೂ ಹೇಳುವುದಿಲ್ಲ.

ಕಥೆಯಲ್ಲಿ ಮೂವರಲ್ಲಿ ದೊಡ್ಡವಳು, ಅಕ್ಕ, ದೂರದ ಪಟ್ಟಣಕ್ಕೆ ದುಡಿಯಲು ಹೋಗುತ್ತಾಳೆ. ಆಮೇಲೆ ಅವಳು ಕಾಣುವುದಿಲ್ಲ, ಅವಳ ಕಾಗದಗಳು ಮಾತ್ರ ಬರುತ್ತವೆ. ಅತ್ತೆಗೆ ಆ ಕಾಗದಗಳೇ ಬೇಕು. "ಇವತ್ತು ಆಕಿ ಏನ್ ಬರ್ದಾಳ?" ಎಂದು ಕಂತು ಶುರುವಾಗುವ ಮೊದಲೇ ಕೇಳುತ್ತಿದ್ದರು. ಕಡೆಯ ಕಂತಿನಲ್ಲಿ ಅಂಚೆಯವನು ಹಿಮದಲ್ಲಿ ಕಾಲೆಳೆಯುತ್ತ ಬಂದ. ತಂಗಿ ಕಾಗದ ಬಿಡಿಸಿದಳು. ಬರೆದದ್ದು ಅಕ್ಕ ಅಲ್ಲ, ಅವಳಿಗೆ ಬಾಡಿಗೆಗೆ ಕೋಣೆ ಕೊಟ್ಟ ಮುದುಕಿ. ನಿಮ್ಮ ಅಕ್ಕ ಜ್ವರದಲ್ಲಿ ತೀರಿಕೊಂಡಳು, ನರಳಲಿಲ್ಲ, ಎಂದಿತ್ತು.

ಬೇರೆ ಯಾವ ಸಾವೂ ಸಿಗಲಿಲ್ಲವೇ ಇವರಿಗೆ?

"ಏನ್ ಬರ್ದಾಳವಾ?" ಅತ್ತೆ ಕೇಳಿದರು.

"ಆರಾಮ ಅದೀನಿ, ಕೆಲಸ ಮುಗದ ಮ್ಯಾಲ ಬರ್ತೀನಿ ಅಂತ ಬರ್ದಾಳ್ರೀ ಅತ್ತಿ."

"ಮತ್ತ ಇವ್ಯಾಕ ಅಳ್ತಾವ?"

"ಖುಷಿಗೆ."

ಅತ್ತೆ ತೆರೆಯನ್ನೇ ನೋಡುತ್ತ ತಲೆಯಾಡಿಸಿದರು. "ಹೌದು, ಹಂಗೂ ಅಳು ಬರತೈತಿ," ಅಂದರು. ನಾನು ಟಿವಿ ಆರಿಸಿದೆ. ಆವತ್ತಿನ ಮಟ್ಟಿಗೆ ಬಹಳ ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಸಂಜೆ ಗಂಡನಿಗೆ ಹೇಳಿದಾಗ ಅವರೂ ಹೊಗಳಿದರು.

ಮರುದಿನದಿಂದಲೇ ಶುರುವಾಯಿತು. "ಎರಡ್ನೇದು ಯಾವಾಗ ಬರತೈತಿ? ಆಕಿ ಬರ್ತಾಳ ಕದಾ?" ಕಾರ್ಟೂನುಗಳಿಗೆ ವರ್ಷಗಟ್ಟಲೆ ಹಿಡಿಯುತ್ತದೆ, ಒಂದೊಂದು ಹೆಜ್ಜೆಯನ್ನೂ ಕೈಯಲ್ಲಿ ಬರೆಯಬೇಕು ಎಂದೆಲ್ಲ ಹೇಳಿದೆ. "ಬರೀಲಿ ಬರೀಲಿ, ಚೊಲೋತ್ನಾಗಿ ಬರೀಲಿ," ಅನ್ನುತ್ತಿದ್ದರು. ಹೀಗೆ ನಾಲ್ಕು ವರ್ಷ ಹೋದವು. ಅತ್ತೆ ಮತ್ತೆ ಅಡುಗೆಮನೆಗೆ ಬಂದರು, ಜಗಳವಾಡುವಷ್ಟು ಗಟ್ಟಿಯಾದರು. ಅದರಲ್ಲಿ ನನ್ನ ಸುಳ್ಳಿನ ಪಾಲೂ ಇದೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಸರಣಿ ನಿಂತೇ ಹೋಗಿದೆ ಎಂಬ ಸುದ್ದಿ ಒಮ್ಮೆ ಬಂದಾಗ ಬಚಾವಾದೆ ಅಂದುಕೊಂಡೆ.

ಕಡೆಗೂ ಬಂತಲ್ಲ. ಮುಚ್ಚಿಡೋಣವೆಂದರೆ ಟಿವಿಯೇ ದೊಡ್ಡದಾಗಿ ಅದರ ಚಿತ್ರ ತೋರಿಸಿಬಿಟ್ಟಿತು. ಅತ್ತೆ ಬೆಟ್ಟದ ಮನೆಯ ಗುರುತು ಹಿಡಿದರು. "ಬಂತಲ್ಲವಾ! ನೀ ಹೇಳಲೇ ಇಲ್ಲ!"

ನನಗೆ ರಜೆ ಇರಲಿಲ್ಲ. ಬೆಳಿಗ್ಗೆ ಬಸ್ಸು, ಶಾಲೆಯಲ್ಲಿ ಪಾಠಕ್ಕಿಂತ ಹೆಚ್ಚಾಗಿ ಬಿಸಿಯೂಟದ, ಹಾಜರಿಯ ಫೋಟೋ ತೆಗೆದು ಮೇಲಿನವರಿಗೆ ಕಳಿಸುವ ಕೆಲಸ, ಸಂಜೆ ಮತ್ತೆ ಬಸ್ಸು. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ಟಿವಿ ಮುಂದೆ ಕೂತಿರುತ್ತಿದ್ದರು. ನಾನು ಮುಖ ತೊಳೆದು ಬಂದು ಓದಿ ಹೇಳಬೇಕು. ಅಲ್ಲಿ ಇದ್ದದ್ದನ್ನು ಹೇಳುವುದಾದರೆ ಹೇಗೋ ಹೇಳಬಹುದಿತ್ತು. ನಾನು ಇಲ್ಲದ್ದನ್ನೂ ಸೇರಿಸಿ ಹೇಳಬೇಕಾಗಿತ್ತು.

ಸೀಸನ್ನೂ ಸರಿಯಿರಲಿಲ್ಲ ಎನ್ನಿ. ಮೊದಲಿನ ತಂಡ ಬಿಟ್ಟುಹೋಗಿದೆ, ಆತುರದಲ್ಲಿ ಮುಗಿಸಿದ್ದಾರೆ ಎಂದು ಜನ ಫೋನಿನಲ್ಲಿ ಬೈಯುತ್ತಿದ್ದರು. ನನಗೆ ಅನಿಸಿದ್ದು ಬೇರೆ. ಮೊದಲ ಸಲ ಅವರು ತಮಗೆ ಗೊತ್ತಿದ್ದದ್ದನ್ನು ಹೇಳಿದ್ದರು. ಎರಡನೇ ಸಲ ನಾವು ಎಲ್ಲಿ ನಕ್ಕಿದ್ದೆವೋ ಅದನ್ನು ನೆನಪಿಟ್ಟುಕೊಂಡು ಅಲ್ಲಲ್ಲೇ ಮತ್ತೆ ನಗಿಸಲು ಹೊರಟಿದ್ದರು. ಒಂದು ವರ್ಷ ಆರನೇ ಕ್ಲಾಸಿನಲ್ಲಿ ನನ್ನ ಒಂದು ತಮಾಷೆಗೆ ಮಕ್ಕಳು ಬಿದ್ದು ಬಿದ್ದು ನಕ್ಕಿದ್ದವು. ಮುಂದಿನ ವರ್ಷ ಅದನ್ನೇ ಬೇಕೆಂದು ಹೇಳಿದೆ. ಮಕ್ಕಳು ನನ್ನ ಮುಖ ನೋಡಿದವು. ಇದೂ ಹಾಗೇ. ಮೊದಲ ಸೀಸನ್ನಿನಲ್ಲಿ ಒಮ್ಮೆ ಕಾಲು ಜಾರಿ ಬಿದ್ದ ನಾಯಿ ಇದರಲ್ಲಿ ಕಂತಿಗೆ ಮೂರು ಸಲ ಬೀಳುತ್ತಿತ್ತು. ಮೊದಲು ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲದ ಜಾಗಗಳಿದ್ದವು, ಈಗ ಅಲ್ಲೆಲ್ಲ ವಾದ್ಯ ತುಂಬಿದ್ದರು.

ಅತ್ತೆ ಇಷ್ಟೆಲ್ಲ ಹೇಳಲಿಲ್ಲ. ಎರಡನೇ ಕಂತಿಗೇ ತೀರ್ಪು ಕೊಟ್ಟರು. "ಇವ್ರು ಕುರಿ ನೋಡಿಲ್ಲ. ನಾಯಿ ಬಂದ್ರ ಕುರಿ ಮುಂಗಾಲು ನೆಲಕ್ಕೆ ಬಡೀಬೇಕು. ಇವು ಎಲ್ಲಾ ಒಂದ ಸಲ ಹೆಜ್ಜಿ ಇಡ್ತಾವ, ಪೊಲೀಸ್ರ ಪರೇಡಿನಂಗ. ಮರಿ ಯಾವ ಕುರಿ ಹತ್ರ ಹೋದ್ರೂ ಹಾಲು ಕುಡಿಸ್ತಾವ. ಎಲ್ಲೈತಿ ಇಂಥಾದ್ದು?"

ಆದರೂ ನೋಡುವುದು ಬಿಡಲಿಲ್ಲ. ಅವರಿಗೆ ಬೇಕಾಗಿದ್ದು ಕುರಿಯಲ್ಲ. ಬಾಗಿಲು ತೆರೆದ ಸದ್ದಾದರೆ ಮುಂದಕ್ಕೆ ಬಾಗುತ್ತಿದ್ದರು. ಪಟ್ಟಣದ ಬೀದಿ ಬಂದರೆ, "ಆ ಹಸರು ಅಂಗಿಯಾಕಿ ಅಲ್ಲೇನು?" ಅನ್ನುತ್ತಿದ್ದರು. ನಾನು ದಿನಕ್ಕೊಂದು ನೆಪ ಹೊಸೆದೆ. ಹಿಮ ಬಿದ್ದು ದಾರಿ ಕಟ್ಟಿದೆ. ಮಾಲೀಕ ರಜೆ ಕೊಟ್ಟಿಲ್ಲ. ಕಾಗದ ಬಂದಿದೆ, ಆದರೆ ಅದನ್ನು ತೋರಿಸಲಿಲ್ಲ. ಎಂಟನೇ ಕಂತಿನ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಬಸ್ಸಿನಲ್ಲಿ ನಿಂತು ಇವತ್ತು ಅಕ್ಕ ಯಾಕೆ ಬರಲಿಲ್ಲ ಎಂದು ಹೇಳುವುದು ಅಂತ ಯೋಚಿಸುವ ಬಾಳು ಯಾರಿಗೂ ಬೇಡ.

ಕಡೆಯ ಕಂತು ಒಂದು ಭಾನುವಾರ ಮಧ್ಯಾಹ್ನ ನೋಡಿದೆವು. ಗಂಡ ಪತ್ತಿಕೊಂಡಕ್ಕೆ ಹೋಗಿದ್ದರು. ತೆರೆಯ ಮೇಲೆ ತಂಗಿಯ ಮದುವೆ, ಉದ್ದನೆಯ ಮೇಜು, ಊಟ, ಕುಣಿತ. ನಾಯಿ ಕೇಕಿನ ಮೇಲೆ ಬಿತ್ತು. ಎಲ್ಲರೂ ನಕ್ಕರು, ಮುಗಿಯಿತು. ಅತ್ತೆ ನಗಲಿಲ್ಲ.

"ಇಷ್ಟೇ ಏನು?"

"ಇಷ್ಟೇರೀ."

"ಆಕಿ ಮದಿವಿಗೂ ಬರ್ಲಿಲ್ಲ. ಇರ್ಲಿ, ಬರಾಕ ಆಗ್ಲಿಲ್ಲ. ಇವ್ರಿಗೇನಾಗೈತಿ? ಅಕ್ಕ ಇದ್ದಿದ್ರ ಅಂತ ಒಬ್ರರ ಒಂದು ಮಾತು ಅಂದ್ರಾ? ಅಷ್ಟು ದಿನ ನೋಡೀನಿ, ಒಬ್ರೂ ಆಕಿ ಹೆಸರು ಎತ್ಲಿಲ್ಲ. ತಿಂದ್ರು, ಕುಣಿದ್ರು. ಎಂಥಾ ಮಂದಿ ಇವ್ರು?" ನಿಜವಾದ ಸಿಟ್ಟು ಅದು.

ಅವರು ಹೇಳಿದ್ದು ಸರಿಯಾಗಿತ್ತು. ನಾನು ಪ್ರತಿ ಸಾಲನ್ನೂ ಓದಿದ್ದೆ, ಆ ಹೆಸರು ಎಲ್ಲಿಯೂ ಇರಲಿಲ್ಲ. ಸತ್ತವಳನ್ನು ಕಥೆ ಮಾಡಿದವರೇ ಮರೆತಿದ್ದರು. ಇನ್ನೊಂದು ನೆಪಕ್ಕೆ ಬಾಯಿ ತೆರೆದೆ. ಏನೂ ಹೊಳೆಯಲಿಲ್ಲ. ಧೈರ್ಯ ಬಂದು ನಿಜ ಹೇಳಿದೆ ಎಂದರೆ ಸುಳ್ಳಾದೀತು. ದಣಿದಿದ್ದೆ, ಅಷ್ಟೇ.

"ಆಕಿ ಇಲ್ಲರೀ ಅತ್ತಿ. ಮೊದಲ್ನೇದ್ರಾಗೇ ತೀರಿಕೊಂಡಾಳ. ಆ ಕಡೀ ಕಾಗದ ಆಕಿ ಬರ್ದಿದ್ದಲ್ಲ. ಜ್ವರ ಬಂದು ಹೋದ್ಲು ಅಂತ ಇತ್ತು. ನಾ ಸುಳ್ಳು ಹೇಳಿದೆ."

ನಾನು ಬೈಗುಳಕ್ಕೆ ಕಾದೆ, ಅಳುವಿಗೂ ಕಾದೆ. ಅತ್ತೆ ಅಂಗೈಯಿಂದ ಚಾಪೆಯನ್ನು ಸವರುತ್ತ ಕೂತರು.

"ಜ್ವರಾನ?" ಅಂದರು.

"ಹೌದ್ರೀ."

"ಅದಕ್ಕ ಅಳ್ತಿದ್ವು ಆ ಹುಡುಗ್ರು." ಅತ್ತೆ ಟಿವಿ ಕಡೆ ನೋಡಿದರು. "ಅವತ್ತ ಹೇಳಿದ್ರ ನಾನೂ ಅವ್ರ ಕೂಡ ಅಳ್ತಿದ್ದೆ."

ನನಗೆ ಮುಖ ಎತ್ತಲಾಗಲಿಲ್ಲ. "ನಿಮಗ ಸಂಕಟ ಆಗತೈತಿ ಅಂತ..." ಎಂದೆ.

"ನನಗ ಸಂಕಟ ಆಗತೈತಿ ಅಂತ ನೀವೂ ಹೆಸರು ಎತ್ಲಿಲ್ಲ. ನೀನೂ ಎತ್ಲಿಲ್ಲ, ನನ್ನ ಮಗಾನೂ ಎತ್ಲಿಲ್ಲ. ನಾ ಬಾಯಿ ತೆಗದ್ರ ಟೀ ಕುಡೀತೀರೇನು ಅಂತೀರಿ. ನಾಕು ವರ್ಷ ಆತು. ಈ ಮನ್ಯಾಗ ಆಕಿ ಹೆಸರು ನನ್ನ ಕಿವೀಗೆ ಬಿದ್ದಿಲ್ಲ. ಒಮ್ಮೊಮ್ಮಿ ಬಚ್ಚಲಾಗ ನೀರು ಬಿಟ್ಗೊಂಡು ನಾನ ಕರಕೋತೀನಿ, ಯಾರಿಗೂ ಕೇಳಬಾರ್ದಂತ."

ನಾವು ಅದನ್ನು ಕಾಳಜಿ ಅಂದುಕೊಂಡಿದ್ದೆವು. ಗಂಡನೂ ನಾನೂ ಮಾತಾಡಿಕೊಂಡೇ ಹಾಗೆ ಮಾಡಿದ್ದು. ಬಂದ ನೆಂಟರಿಗೂ ಬಾಗಿಲಲ್ಲೇ ಹೇಳುತ್ತಿದ್ದೆವು, ಅವಳ ಸುದ್ದಿ ತೆಗೆಯಬೇಡಿ ಎಂದು. ಅವಳ ಫೋಟೋವನ್ನು ಗೋಡೆಯಿಂದ ತೆಗೆದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟವಳು ನಾನೇ. ನನಗೂ ಅವಳಿಗೂ ವಯಸ್ಸಿನಲ್ಲಿ ಆರು ತಿಂಗಳ ಅಂತರ. ಅತ್ತೆಯನ್ನು ಆಡಿಕೊಂಡು ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕವರು. ನಾಲ್ಕು ವರ್ಷ ನಾನೂ ಅವಳ ಹೆಸರು ಹೇಳಿರಲಿಲ್ಲ ಎನ್ನುವುದು ನನಗೆ ಆ ಗಳಿಗೆಯಲ್ಲಿ ಗೊತ್ತಾಯಿತು.

ನಾದಿನಿಯ ಹೆಸರು ಹೇಳಿದೆ. ಬರೀ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹಾಗೆ.

ಅತ್ತೆ ಕಣ್ಣು ಮುಚ್ಚಿದರು. ಕೈ ಚಾಪೆಯ ಮೇಲೆ ನಿಂತಿತು.

"ಇನ್ನೊಮ್ಮಿ ಅನ್ನವಾ," ಅಂದರು.