ಮೂವತ್ತೆರಡನೆಯ ಕಾಳು

ನಮ್ಮ ಪರೀಕ್ಷಾ ವಿಭಾಗದ ಮೇಷ್ಟ್ರನ್ನು ಅವರು ಮಾಡದ ತಪ್ಪಿಗಾಗಿ ಕೆಲಸದಿಂದ ತೆಗೆದರು. ಮೊನ್ನೆ ಅಟ್ಟ ಶುಚಿ ಮಾಡಿಸುವಾಗ ಅವರ ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಹಳೆಯ ಅಕ್ಕಿಯ ಮುಗ್ಗಲು ವಾಸನೆ. ಒಳಗೆ ಕಪ್ಪು ಕಾಳುಗಳು... ಎಣಿಸಿದೆ, ಮೂವತ್ತೆರಡು.

ಅಂತರಸನಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಅಕ್ಕಿ ಆರಿಸುವ ಯಂತ್ರ ತಯಾರಾಗುತ್ತಿತ್ತು. ಅಕ್ಕಿ ಮೂವತ್ತೆರಡು ಸಾಲಿನಲ್ಲಿ ಇಳಿಯುತ್ತದೆ. ಕಪ್ಪು ಕಾಳು ಕಂಡ ಸಾಲಿನ ನಳಿಕೆ ಗಾಳಿ ಊದಿ ಅದನ್ನು ಆಚೆ ತಳ್ಳುತ್ತದೆ. ಅದನ್ನು ನಡೆಸುವ ಡ್ರೈವರ್ ಪ್ರೋಗ್ರಾಂ ಬರೆದವಳು ನಾನು. ಪ್ರತಿ ಆಜ್ಞೆಯೂ ಸೊನ್ನೆ ಇಲ್ಲವೇ ಒಂದು ಕೂರುವ ಅರವತ್ನಾಲ್ಕು ಬಿಟ್‌ಗಳದು: ಕೆಳಗಿನ ಅರ್ಧ ನಳಿಕೆಗಳಿಗೆ, ಮೇಲಿನ ಅರ್ಧ ಯಂತ್ರ ಬರಿದು ಮಾಡುವ ತಳಬಾಗಿಲುಗಳಿಗೆ. ಒಂದು ಎಂಬ ಅಂಕಿಯನ್ನು ಮೊದಲು ಅರವತ್ನಾಲ್ಕು ಬಿಟ್‌ಗೆ ಅಗಲಿಸಿ, ಆಮೇಲೆ ಬೇಕಾದ ಸ್ಥಾನಕ್ಕೆ ಸರಿಸಬೇಕು. ಅಗಲಿಸದೆ ಸರಿಸಿದರೂ ಮೂವತ್ತೊಂದು ಸಾಲು ಸರಿಯಾಗಿಯೇ ನಡೆಯುತ್ತವೆ. ಕೊನೆಯದರಲ್ಲಿ ಮಾತ್ರ ಅದು ಋಣಚಿಹ್ನೆಯ ಸ್ಥಾನಕ್ಕೆ ಬಂದು ಕೂರುತ್ತದೆ. ಆಮೇಲೆ ಅಗಲವಾಗುವಾಗ ಆ ಚಿಹ್ನೆಯೇ ಹರಡಿ, ಮೇಲಿನ ಅರ್ಧವೆಲ್ಲ ಒಂದುಗಳಿಂದ ತುಂಬಿ, ತಳಬಾಗಿಲುಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ.

ಮೇಷ್ಟ್ರು ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾಗಿ, ದಿನವೂ ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬೇರೆಯವರು ಎರಡು ಮೂರು ಸಾಲು ನೋಡಿ ಸಹಿ ಹಾಕಿದರೆ, ಇವರು ಸಾಲಿಗೊಂದು ಕಪ್ಪು ಕಾಳು ಬಿಟ್ಟು, ಆಚೆ ಬಿದ್ದವನ್ನು ಆಯ್ದು, ಎಣಿಸಿ ಮತ್ತೆ ಡಬ್ಬಿಗೆ ಹಾಕುತ್ತಿದ್ದರು.

“ಏನ್ ಮೇಷ್ಟ್ರೇ, ಮನೇಲಿ ಸಾರಿಗಾ ಕಾಳು?” ಎಂದು ಮ್ಯಾನೇಜರು ಛೇಡಿಸುತ್ತಿದ್ದರು.

“ಕೊನೇ ಬೆಂಚಿನವ್ರನ್ನೂ ಪ್ರಶ್ನೆ ಕೇಳ್ಬೇಕಲ್ವೇ ಸಾರ್.”

ಕುಣಿಗಲ್ಲಿನ ಗಿರಣಿಗೆ ಹೋಗಬೇಕಿದ್ದ ಯಂತ್ರವನ್ನೂ ಹಾಗೆಯೇ ಪರೀಕ್ಷಿಸಿ ಸಹಿ ಹಾಕಿದರು. ನಾನು ಪಕ್ಕದಲ್ಲಿಯೇ ಇದ್ದೆ, ಮೂವತ್ತೆರಡೂ ಕಾಳು ಆಚೆ ಬಿದ್ದವು. ಗಿರಣಿಯಲ್ಲಿ ಮೊದಲ ದಿನವೇ ಅಕ್ಕಿಯೆಲ್ಲ ನೆಲಕ್ಕೆ ಸುರಿಯಿತು. ನಾನು ಹೋಗಿ ನೋಡಿದರೆ, ಯಂತ್ರದೊಳಗಿನ ಪ್ರೋಗ್ರಾಮಿನಲ್ಲಿ ಅಗಲಿಸುವ ಭಾಗವನ್ನೇ ಯಾರೋ ಅಳಿಸಿದ್ದರು. ಕಾರ್ಖಾನೆಯಲ್ಲಿ ಯಂತ್ರಕ್ಕೆ ಪ್ರೋಗ್ರಾಂ ತುಂಬುವ ಕಂಪ್ಯೂಟರಿನ ಪಾಸ್‌ವರ್ಡ್ ಇಬ್ಬರಿಗೆ ಮಾತ್ರ ಗೊತ್ತಿತ್ತು: ನನಗೆ ಮತ್ತು ಮ್ಯಾನೇಜರಿಗೆ.

ಮೊದಲಿನ ಪ್ರೋಗ್ರಾಮಿನ ಪ್ರಿಂಟು ಹಿಡಿದು ಮೀಟಿಂಗಿಗೆ ಹೋದೆ. ಮ್ಯಾನೇಜರು ಅದರತ್ತ ನೋಡಲೂ ಇಲ್ಲ. “ಟೆಸ್ಟ್ ಮಾಡ್ದೋರು ಮೇಷ್ಟ್ರು, ಸಹಿ ಅವ್ರದ್ದು. ನೀವ್ ಸುಮ್ನಿರಿ ಮೇಡಂ.”

ಸುಮ್ಮನಾದೆ... ಅದನ್ನೂ ನಾನು ಮರೆತಿಲ್ಲ.

ಹೊರಡುವ ದಿನ ಮೇಷ್ಟ್ರು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟರು. “ಎಣಿಸ್ಕೊಳಮ್ಮ. ಆಮೇಲೆ ಒಂದ್ ಕಮ್ಮಿ ಇತ್ತು ಅಂದಾರು.”

ಮೇಷ್ಟ್ರು ಈಗಿಲ್ಲ. ಕೊನೆಯವರೆಗೂ ಅವರು ಸರಿಯಾಗಿ ಪರೀಕ್ಷಿಸಲಿಲ್ಲ ಎಂಬ ಮಾತನ್ನು ಯಾರೂ ಹಿಂದೆಗೆದುಕೊಳ್ಳಲಿಲ್ಲ. ಮ್ಯಾನೇಜರು ಇದ್ದಾರೆ, ದೇವರಾಯನದುರ್ಗದ ದೇವಸ್ಥಾನದ ಮೆಟ್ಟಿಲ ಮೇಲೆ ಎದುರಾದರೆ ಮುಖ ತಿರುಗಿಸುತ್ತಾರೆ. ಅವರನ್ನು ಇಲ್ಲಿಯೇ ಕೇಳುತ್ತೇನೆ: ಮೇಷ್ಟ್ರು ಸಹಿ ಹಾಕಿದ ಮೇಲೆ, ಲಾರಿ ಹೊರಡುವ ಮುನ್ನ, ಆ ಕಂಪ್ಯೂಟರಿನ ಮುಂದೆ ಕೂತವರು ಯಾರು ಸ್ವಾಮಿ?