ಸೆರಗಿನ ಕೆಳಗಿನ ಬೆಲೆ

ಹಲ್ಲು ನೋಡಿ ಬೆಲೆ ಕಟ್ಟುವುದು ನಮ್ಮ ಮನೆತನದ ವಿದ್ಯೆ. ಅಪ್ಪ ಹಿರೇಕೆರೂರಿನ ದನದ ಸಂತೆಯಲ್ಲಿ ದಲಾಲಿ ಮಾಡುತ್ತ ಎತ್ತಿನ ಹಲ್ಲು ನೋಡುತ್ತಿದ್ದ. ನಾನು ಶಿಗ್ಗಾವಿಯಲ್ಲಿ ಅಂಗಡಿ ಇಟ್ಟುಕೊಂಡು ಪಿಂಗಾಣಿ ಗೊಂಬೆಯ ಹಲ್ಲು ನೋಡುತ್ತೇನೆ. ನಗಬೇಡಿ. ಹಳೆಯ ವಿಲಾಯತಿ ಗೊಂಬೆಗಳಲ್ಲಿ ಕೆಲವು ತುಸು ಬಾಯಿ ತೆರೆದಿರುತ್ತವೆ, ಒಳಗೆ ಅಕ್ಕಿನುಚ್ಚಿನಷ್ಟು ಸಣ್ಣ ಹಲ್ಲುಗಳಿರುತ್ತವೆ. ಅವು ಪೂರ್ತಿ ಇದ್ದರೆ ಒಂದು ಬೆಲೆ, ಮುಕ್ಕಾಗಿದ್ದರೆ ಇನ್ನೊಂದು. ಎತ್ತಿಗಾದರೆ ಬಾಯಿ ಬಿಡಿಸಬೇಕು, ಒದೆಸಿಕೊಳ್ಳಬೇಕು. ಆ ಲೆಕ್ಕದಲ್ಲಿ ನಾನು ಅಪ್ಪನಿಗಿಂತ ಪುಣ್ಯವಂತೆ.

ಮೊದಲು ನನ್ನದು ಬಳೆ, ಹಣೆಗೆ ಹಚ್ಚುವ ಟಿಕಳಿ, ಮದುವೆಗೆ ಕೊಡುವ ಸಾಮಾನುಗಳ ಅಂಗಡಿಯಷ್ಟೇ. ಸವಣೂರಿನ ಹಳೆಯ ವಾಡೆಯೊಂದನ್ನು ಕೆಡವುವಾಗ ಆ ಮನೆಯ ಅಜ್ಜಿ ಒಂದು ಗೊಂಬೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದು, “ಇದನ್ನ ಇಟಗೊಂಡು ಮೊಮ್ಮಗಳಿಗೆ ಒಂದ್ ಡಜನ್ ಬಳಿ ಕೊಡವ್ವಾ” ಅಂದರು. ಸುಮ್ಮನೆ ಅದರ ಫೋಟೊ ತೆಗೆದು ಮೊಬೈಲಿನಲ್ಲಿ ಹಾಕಿದೆ. ಅವತ್ತೇ ಹಳೆಯ ಗೊಂಬೆ ಕೂಡಿಹಾಕುವ ಪುಣೆಯ ಒಬ್ಬ ಹವ್ಯಾಸಿ ಫೋನು ಮಾಡಿ, “ಕೂದಲ ಎತ್ತಿ ಕುತ್ತಿಗೆಯ ಹಿಂದೆ ಏನು ಬರೆದಿದೆ ನೋಡಿ” ಎಂದು ದುಂಬಾಲು ಬಿದ್ದ. ಅವನಿಗೇ ಮಾರಿ, ಬಂದ ದುಡ್ಡಿನಲ್ಲಿ ನನ್ನ ದಲಾಲಿ ಹಿಡಿದುಕೊಂಡು ಉಳಿದದ್ದನ್ನು ಸವಣೂರಿಗೆ ಒಯ್ದು ಕೊಟ್ಟೆ. ಅಜ್ಜಿ ಎಣಿಸಿ ನೋಡಿ, “ಬಳಿ ರೊಕ್ಕ ಮುರಕೊಂಡಿಯಿಲ್ಲೋ?” ಅಂದರು. ಅಲ್ಲಿಂದ ನನ್ನ ಈ ಧಂದೆ ಶುರುವಾಯಿತು.

ಗೊಂಬೆ ಪರೀಕ್ಷೆ ದೊಡ್ಡ ಬ್ರಹ್ಮವಿದ್ಯೆಯಲ್ಲ. ಕೆನ್ನೆಗೆ ಉಗುರಿನಿಂದ ಮೆಲ್ಲನೆ ಬಡಿದರೆ ಠಣ್ ಅನ್ನಬೇಕು. ಮುಟ್ಟಿದರೆ ಬಾವಿಯ ನೀರಿನ ಹಾಗೆ ತಣ್ಣಗಿರಬೇಕು. ತಲೆಯೊಳಗೆ ಮೊಬೈಲಿನ ಬ್ಯಾಟರಿ ಬೆಳಕು ಬಿಟ್ಟರೆ ಎಲ್ಲಿ ಸೀಳಿದೆಯೋ ಅಲ್ಲಿ ಗೆರೆ ಕಾಣುತ್ತದೆ. ಕಷ್ಟ ಇರುವುದು ಗೊಂಬೆಯಲ್ಲಲ್ಲ, ಅದರ ಒಡೆಯರಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು. ಬಂಕಾಪುರದವರೊಬ್ಬರು ಸಂತೆಗೆ ಹೊರಟ ಎತ್ತಿನ ಕೊಂಬಿಗೆ ಬಣ್ಣ ಬಳಿಯುವಂತೆ ತಮ್ಮ ಗೊಂಬೆಯ ತುಟಿಗೆ, ಉಗುರಿಗೆ, ಬೂಟಿಗೆ ಕಿಟಕಿಯ ಆಯಿಲ್ ಪೇಂಟು ಬಳಿದು ತಂದಿದ್ದರು. ಒಳಗಿದ್ದದ್ದು ಅಸಲು ಜರ್ಮನಿ ಮಾಲು! ನನಗೆ ಸಿಟ್ಟು ನೆತ್ತಿಗೇರಿ, “ಯಾರ್ರೀ ಇದಕ್ಕ ಸುಣ್ಣಬಣ್ಣ ಮಾಡಂದವರು?” ಎಂದು ಕೂಗಿದೆ. ಅವರು ತಣ್ಣಗೆ, “ಹಬ್ಬಕ್ಕ ಮನೀಗೆ ಹಚ್ಚಿದ್ದು ಉಳಿದಿತ್ರಿ” ಅಂದರು.

ಅಪ್ಪನಿಂದ ನಾನು ಕಲಿತ ಇನ್ನೊಂದು ವಿದ್ಯೆ ಬೆರಳಿನದು. ಸಂತೆಯಲ್ಲಿ ದನದ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ತಿಳಿಸುತ್ತಾರೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಎಷ್ಟು ಬೆರಳು ಹಿಡಿದರೆ ಅಷ್ಟು. ಎಲ್ಲ ಬೆರಳನ್ನೂ ಮಡಚಿ ಮುಷ್ಟಿ ಮಾಡಿಬಿಟ್ಟರೆ, ದನ ಯಾತಕ್ಕೂ ಬಾರದು ಎಂದು ಅಪ್ಪನ ಲೆಕ್ಕ. ನಾನು ಟವೆಲ್ಲಿನ ಬದಲಿಗೆ ಸೆರಗು ಹಿಡಿದೆ. ನಮ್ಮ ಕಡೆಯ ಹೆಂಗಸರಿಗೆ ಇದು ಬಹಳ ಹಿಡಿಸಿತು. ಗಂಡನಿಗೆ ಎಷ್ಟು ಗೊತ್ತಾಗಬೇಕೋ ಅಷ್ಟೇ ಗೊತ್ತಾದರೆ ಸಂಸಾರ ಚೆನ್ನಾಗಿರುತ್ತದೆ ಎಂದು ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

ಹೋದ ಬೇಸಿಗೆಯಲ್ಲಿ ತಿಳವಳ್ಳಿಯ ಒಂದು ದೊಡ್ಡ ಮನೆಯಿಂದ ಕರೆ ಬಂತು. ಭತ್ತ, ಗೋವಿನಜೋಳ, ಟ್ರ್ಯಾಕ್ಟರು ಎಲ್ಲ ಇದ್ದ ಅನುಕೂಲಸ್ಥರು. ಕರೆದವರು ಆ ಮನೆಯ ಅತ್ತೆ. ಗೋಡೆಯಗಲದ ಹೊಸ ಟಿವಿ ಬಂದಿತ್ತು. ಅದನ್ನು ಹಾಕುವ ಜಾಗದಲ್ಲಿ ಗಾಜಿನ ಕಪಾಟು, ಕಪಾಟಿನಲ್ಲಿ ಒಂದೇ ಒಂದು ಗೊಂಬೆ. ಅದು ಸೊಸೆ ತವರಿನಿಂದ ತಂದದ್ದು. ಟಿವಿ ಕೂಡಿಸುವ ಹುಬ್ಬಳ್ಳಿಯವನು ಡ್ರಿಲ್ ಹಿಡಿದು ನಿಂತಿದ್ದ.

“ನೋಡು ತಂಗೀ,” ಅಂದರು ಅತ್ತೆ, “ಬೀಗರು ಹಮಾಲಿ ಮಂದಿ. ಬಂಗಾರ ಕೊಡಾಕ ಆಗ್ಲಿಲ್ಲ, ಇದನ್ನ ಕೊಟ್ರು. ಫಾರಿನ್ ಮಾಲು, ಭಾಳ ಬೆಲಿ ಅಂತ ಅವರಪ್ಪ ಅವತ್ತು ಮಂಟಪದಾಗ ಹೇಳಿದ್ದ ಹೇಳಿದ್ದು. ಇವತ್ತು ತೀರಿಹೋಗ್ಲಿ. ಬೆಲಿ ಇತ್ತಂದ್ರ ಅಲ್ಲೇ ಇರ್ಲಿ. ಇಲ್ಲಂದ್ರ ಅಟ್ಟಕ್ಕ ಒಗದು ಟಿವಿ ಹಾಕಸ್ತೇನಿ.”

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಈ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಕಷ್ಟಪಟ್ಟು ನುಂಗಿದೆ.

ಚಹಾ ತಂದ ಸೊಸೆ ಬಗ್ಗಿ ಕಪ್ಪು-ಬಸಿ ಕೊಡುವಾಗ ಮೆಲ್ಲನೆ, “ಅಕ್ಕಾರ, ಏನ ಇರ್ಲಿ, ಮೊದಲ ನನಗ ಹೇಳ್ರಿ” ಅಂದಳು. ಇಬ್ಬರು ಮಕ್ಕಳ ತಾಯಿ, ಗಟ್ಟಿ ಹೆಣ್ಣುಮಗಳು. ಅವಳ ಅಪ್ಪ ಹಾನಗಲ್ಲಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಉಳಿಸಿದ್ದನ್ನು ಹುಬ್ಬಳ್ಳಿಯ ಅಂಗಡಿಯಲ್ಲಿ ಸುರಿದು ಇದನ್ನು ತಂದಿದ್ದನಂತೆ.

ಗೊಂಬೆ ನೋಡಲು ಚೆಂದವೇ ಇತ್ತು. ಗುಂಗುರು ಕೂದಲು, ನೀಲಿ ಲಂಗ. ಕೆನ್ನೆಗೆ ಉಗುರು ಬಡಿದೆ. ದೊಪ್ ಅಂದಿತು. ಇನ್ನೊಮ್ಮೆ ಬಡಿದೆ, ಅದೇ ದನಿ. ಕೂದಲೆತ್ತಿ ನೋಡಿದರೆ ಕುತ್ತಿಗೆಯ ಹಿಂದೆ ತಯಾರಿಸಿದವರ ಗುರುತಿಲ್ಲ, ಬಣ್ಣ ಹಾರಿದ ಕಡೆ ಬಿಳಿ ಪುಡಿ ಉದುರುತ್ತಿತ್ತು. ಗಣಪತಿ ಮಾಡುತ್ತಾರಲ್ಲ, ಆ ಪ್ಲಾಸ್ಟರು. ಪಾಪ, ಆ ಮನುಷ್ಯನಿಗೆ ಅಂಗಡಿಯವನು ಪಿಂಗಾಣಿಯೆಂದು ಟೊಪ್ಪಿಗೆ ಹಾಕಿದ್ದ. ಕಾಣದ ಆ ಅಂಗಡಿಯವನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಎದುರಿಗೆ ಸಿಕ್ಕಿದ್ದರೆ ಅವನ ಹಲ್ಲನ್ನೇ ನೋಡುತ್ತಿದ್ದೆ.

“ಎಷ್ಟು?” ಅಂದರು ಅತ್ತೆ.

“ಬೆಲಿ ಒಡತಿಗೆ ಮೊದಲ ಹೇಳಬೇಕ್ರಿ. ಅದು ನಮ್ಮಪ್ಪನ ಪದ್ಧತಿ.”

“ಒಡತಿ ನಾನ ಅಲ್ಲೇನು?”

“ಮನೀಗೆ ನೀವ ಒಡತಿ. ಉಡ್ಯಾಗ ಹಾಕಿ ಕೊಟ್ಟದ್ದು ಮಗಳ ಸ್ವತ್ತರಿ.”

ಅತ್ತೆ ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡು ಕುಳಿತರು. ತವರಿನವರು ಮಗಳ ಉಡಿಗೆ, ಅಂದರೆ ಮಡಿಲಿಗೆ, ಹಾಕಿದ್ದನ್ನು ನಮ್ಮಲ್ಲಿ ಬೇರೆಯವರು ಕೇಳುವಂತಿಲ್ಲ. ಸೊಸೆ ನನ್ನ ಎದುರಿಗೆ ಕುಳಿತಳು. ಸೆರಗು ಹರಡಿ, ಬೆರಳು ಹಿಡಿದರೆ ಏನು, ಮಡಚಿದರೆ ಏನು ಎಂದು ಅವಳ ಕಿವಿಯಲ್ಲಿ ಹೇಳಿ, ಅವಳ ಕೈ ಹಿಡಿದೆ. ಅತ್ತೆಯ ಕಣ್ಣು ಸೊಸೆಯ ಮುಖದ ಮೇಲಿತ್ತು. ಡ್ರಿಲ್ಲಿನವನ ಕಣ್ಣೂ ಅಲ್ಲೇ.

ಸುಳ್ಳು ಬೆರಳು ಒತ್ತಬಹುದಾಗಿತ್ತು. ಆದರೆ ಆಮೇಲೆ ಅತ್ತೆ ಮಾರು ಅಂದರೆ ಯಾರಿಗೆ ಮಾರಲಿ? ಅವಳ ಕಿರುಬೆರಳನ್ನು ಮಡಚಿದೆ. ಅದರ ಪಕ್ಕದ್ದನ್ನು ಮಡಚಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳಿಗೆ ತಿಳಿದಿತ್ತು. ಉಳಿದ ಬೆರಳುಗಳನ್ನು ಅವಳೇ ಮಡಚಿಕೊಂಡಳು. ಮುಖ ಮಾತ್ರ ಒಂದಿಷ್ಟೂ ಕದಲಲಿಲ್ಲ. ಸಂತೆಯಲ್ಲಿ ಅಂಥ ಮುಖವನ್ನು ನಾನು ಹಳೆಯ ದಲಾಲರಲ್ಲಿ ಕೂಡ ಕಂಡಿಲ್ಲ.

ಅವಳು ಎದ್ದು ನಿಂತು ಗೊಂಬೆಯನ್ನು ಎತ್ತಿಕೊಂಡಳು.

“ಇಲ್ರೀ ಅಕ್ಕಾರ. ಎಷ್ಟ ಕೊಟ್ರೂ ನಾ ಇದನ್ನ ಕೊಡಾಂಗಿಲ್ರಿ,” ಅಂದಳು.

ಅತ್ತೆ ಕುರ್ಚಿಯಿಂದ ಅರ್ಧ ಎದ್ದರು. “ಎಷ್ಟಂದ್ಲು?”

“ಅದನ್ನ ಹೊರಗ ಹೇಳಬಾರದಂತರಿ, ಅತ್ತ್ಯಾರ.”

ಅತ್ತೆ ನನ್ನ ಕಡೆ ತಿರುಗಿದರು. “ಲಕ್ಷದ ಮ್ಯಾಲೇನು?”

ನಾನು ಸುಳ್ಳು ಹೇಳಲಿಲ್ಲ. ಚಹಾ ಕುಡಿದೆ. “ಒಡತೀನ ಒಲ್ಲೆ ಅಂದಮ್ಯಾಲ ನಂದೇನ ಐತ್ರಿ?” ಅಂದು ಇನ್ನೊಂದು ಗುಟುಕು ಕುಡಿದೆ. ಹಿಂದಿನಿಂದ ಆ ಟಿವಿಯವನು, ಕೇಳದಿದ್ದರೂ, “ಪುಣೆ ಮುಂಬೈದಾಗ ಇಂಥಾವಕ್ಕ ಭಾಳ ರೇಟ್ ಐತ್ರಿ” ಎಂದು ಒಗ್ಗರಣೆ ಹಾಕಿದ. ಅವನ ಬಾಯಿಗೆ ಸಕ್ಕರೆ ಬೀಳಲಿ.

ಅತ್ತೆ ಎದ್ದು ಕಪಾಟಿನ ಹತ್ತಿರ ಹೋದರು. ಆಮೇಲೆ ಸೆರಗಿನಿಂದ ಗಾಜಿನ ಧೂಳು ಒರೆಸುತ್ತ, “ಟಿವಿ ಆ ಕಡೆ ಗ್ವಾಡಿಗೆ ಹಚ್ಚಪಾ” ಅಂದರು. ನನಗೆ ಕುಣಿಯಬೇಕೆನಿಸಿತು. ಬರಿಗೈಯಲ್ಲಿ ಹೊರಟು ಇಷ್ಟು ಖುಷಿಪಟ್ಟ ವ್ಯಾಪಾರ ನನ್ನ ಜನ್ಮದಲ್ಲಿ ಇಲ್ಲ.

ಬಸ್ಸಿನವರೆಗೆ ಸೊಸೆ ಕಳಿಸಲು ಬಂದಳು. ಹಾನಗಲ್ಲಿನ ಬಸ್ಸು ಬಂದು ನಿಂತಾಗ ನನ್ನ ಕೈ ಹಿಡಿದಳು.

“ಅಕ್ಕಾರ, ಈ ಸುದ್ದಿ ನಮ್ಮಪ್ಪನ ಕಿವೀಗೆ ಹೋಗತೈತ್ರಿ. ಖುಷೀಲೆ ನಿಮ್ಮ ಅಂಗಡಿ ಹುಡಿಕ್ಯಾಂಡು ಬರ್ತಾನ, ಎಷ್ಟಿತ್ತು ಅಂತ ಕೇಳಾಕ.”

“ಬಂದ್ರ ಏನ್ ಹೇಳ್ಲಿ ತಂಗೀ?”

“ಮಗಳು ಕೊಡಾಕ ಒಲ್ಲೆ ಅಂದ್ಲು ಅಂತ ಹೇಳ್ರಿ,” ಅಂದಳು. “ಅದಂತೂ ಖರೇನ ಐತೆಲ್ರಿ.”