ಅಂಗಿಯೊಳಗೆ ಉಳಿದ ಮೀನು

ಕಾರು ಕಾರ್ಖಾನೆಯ ಕೊನೆಯ ಸಾಲಿನಲ್ಲಿ ಮೂವತ್ತೊಂದು ವರ್ಷ ನಿಂತವರನ್ನು ಎಲ್ಲರೂ ಬಿಲ್ಲೆ ಮಾವ ಅಂತಲೇ ಕರೆಯುತ್ತಿದ್ದರು. ಅದೇ ಕಾರು, ಅದೇ ಬಾಗಿಲು, ಅದೇ ಎಂಜಿನ್. ಬೆನ್ನಿಗೆ ಮೀನಿನ ಬಿಲ್ಲೆ ಅಂಟಿಸಿದರೆ ಒಂದು ಕಂಪನಿಯ ಹೆಸರಲ್ಲಿ ಇಲ್ಲೇ ಮಾರಾಟ. ಹಂಸ ಅಂಟಿಸಿದರೆ ಇನ್ನೊಂದು ಕಂಪನಿಯದಾಗಿ, ಇನ್ನಷ್ಟು ಗತ್ತಿನಿಂದ, ಕಡಲಾಚೆಗೆ. ಚಳಿಗೆ ಗೋಂದು ಹಿಡಿಯುವುದಿಲ್ಲವೆಂದು ಮಾವ ಮೂರು ನಾಲ್ಕು ಬಿಲ್ಲೆಗಳನ್ನು ಮೊದಲೇ ಅಂಗಿಯೊಳಗೆ ಸೇರಿಸಿ ಎದೆಯ ಬಿಸಿ ಕೊಡುತ್ತಿದ್ದರು. ಮಾವ ಕಾವಿಗೆ ಕೂತಿದ್ದಾರೆ ಎಂದು ಜೊತೆಯವರ ಗೇಲಿ.

ನಿವೃತ್ತಿಗೆ ಒಂಬತ್ತು ದಿನ. ಒಂದೂ ತಪ್ಪಿಲ್ಲದೆ ಹೊರಬೀಳಬೇಕೆಂಬ ಹಟ. ಅಂದು ಊಟದ ಹೊತ್ತಿಗೆ ಮೀನಿನ ಸರದಿ ಮುಗಿದು, ಆಮೇಲೆ ಹಂಸದ್ದು ಶುರುವಾಯಿತು. ನಲವತ್ತು ಕಾರು ದಾಟಿದ ಮೇಲೆ ನೋಡುತ್ತಾರೆ, ನಲವತ್ತೇ ಎಣಿಸಿಟ್ಟಿದ್ದ ತಟ್ಟೆಯಲ್ಲಿ ಒಂದು ಹಂಸ ಮಿಕ್ಕಿದೆ. ಕೈ ತಾನಾಗಿ ಎದೆಗೆ ಹೋಯಿತು. ಅಂಗಿಯೊಳಗೆ ಏನೂ ಇಲ್ಲ. ಊಟಕ್ಕೆ ಮುಂಚೆ ಬೆಚ್ಚಗಿಟ್ಟಿದ್ದ ಮೀನೊಂದು ಯಾವುದೋ ಹಂಸದ ಕಾರಿನ ಬೆನ್ನೇರಿತ್ತು. ಗೀರು ಬೀಳದಿರಲೆಂದು ಬಿಲ್ಲೆಗಳ ಮೇಲೆಲ್ಲ ಒಂದೇ ಥರದ ಬಿಳಿ ಹಾಳೆ ಅಂಟಿರುತ್ತದೆ. ಕಣ್ಣಿಗೆ ಬೀಳುವುದಾದರೂ ಹೇಗೆ?

ವಿಷಯ ಕೇಳಿ ಮೇಲ್ವಿಚಾರಕಿ ಒಂದು ಗಂಟೆ ಕೊಟ್ಟಳು. ಆಮೇಲೆ ಮೇಲಿನವರಿಗೆ ಬರೆಯದೆ ವಿಧಿಯಿಲ್ಲ ಎಂದಳು. ಮಾವ ಒಂದು ಕೈಯಲ್ಲಿ ಹಂಸ, ಇನ್ನೊಂದರಲ್ಲಿ ಗಟ್ಟಿ ನೂಲು ಹಿಡಿದು ಕಾರು ನಿಲ್ಲಿಸುವ ಬಯಲಿಗೆ ಓಡಿದರು. ಸಾಲಾಗಿ ನಿಂತ ಕಾರುಗಳ ಬೆನ್ನಿನ ಬಿಲ್ಲೆಯನ್ನು ಹಾಳೆಯ ಮೇಲಿಂದಲೇ ಹೆಬ್ಬೆರಳಿನಿಂದ ಸವರಿದರು. ರೆಕ್ಕೆ, ರೆಕ್ಕೆ, ಮತ್ತೆ ರೆಕ್ಕೆ. ಮೂವತ್ತಾರು ಮುಗಿದವು. ಉಳಿದ ನಾಲ್ಕು ಲಾರಿ ಹತ್ತಿಯಾಗಿತ್ತು.

ಚಾಲಕ ಬೇಡವೆನ್ನುವಷ್ಟರಲ್ಲಿ ಅವರು ಏಣಿ ಏರಿದ್ದರು. ಮೇಲಿನ ಅಂತಸ್ತಿನ ಕೊನೆಯ ಕಾರಿನಲ್ಲಿ ಬೆರಳಿಗೆ ಬಾಲ ಸಿಕ್ಕಿತು.

"ಯಾವ ಬಿಲ್ಲೆ ಆದ್ರೇನು ಮಾವ, ಒಳಗಿರೋದು ಒಂದೇ ಅಲ್ವಾ?" ಚಾಲಕ ಕೆಳಗಿನಿಂದ ಕೂಗಿದ.

"ಒಂದೇ ಕಣಪ್ಪ. ಅದು ಕೊಂಡೋನಿಗೆ ಗೊತ್ತಾಗ್ದಂಗೆ ನೋಡ್ಕೊಳ್ಳೋದೇ ನನ್ ಕೆಲ್ಸ."

ನೂಲನ್ನು ಬಿಲ್ಲೆಯ ಹಿಂದೆ ತೂರಿಸಿ ಗರಗಸದಂತೆ ಎಳೆದು ಮೀನನ್ನು ಬಿಡಿಸಿದರು. ಹಂಸ ಒತ್ತಿದರು. ಅದು ತಣ್ಣಗಿತ್ತು, ಓಡುವ ಭರದಲ್ಲಿ ಅಂಗಿಯೊಳಗೆ ಹಾಕಲು ಮರೆತಿದ್ದರು. ಗುಂಡಿ ಬಿಚ್ಚಿ, ಕಾರಿನ ಬೆನ್ನಿಗೆ ಎದೆಯಾನಿಸಿ ತಬ್ಬಿ ನಿಂತರು. ಕೆಳಗಿನಿಂದ ಹಾರನ್ ಮೇಲೆ ಹಾರನ್.

ಲಾರಿ ಹೊರಟಿತು. ಮಾವ ಗುಂಡಿಯನ್ನೂ ಹಾಕಿಕೊಳ್ಳದೆ, ಬಿಲ್ಲೆಯ ಆ ಬಿಳಿ ಚುಕ್ಕೆಯ ಮೇಲಿಂದ ಕಣ್ಣು ಕೀಳದೆ, ಗೇಟಿನವರೆಗೂ ಹಿಂದೆ ಹಿಂದೆಯೇ ನಡೆದರು.